ದುಡ್ಡಿಲ್ಲದ ಕಾಲದಲ್ಲೂ ಸರ್ಕಾರ ಚಿತ್ರ ಬರೆಸಿತ್ತು

ಸಂಪಾದಕರೇ,

ಶಾಲೆ, ಆಸ್ಪತ್ರೆಗೇ ದುಡ್ಡು ಸಾಲದಿರುವಾಗ ಚಿತ್ರ ಬರೆಯುವವರಿಗೆ ಸರ್ಕಾರ ಯಾಕೆ ಕೊಡಬೇಕು ಎಂದು ಮೊನ್ನೆ ಓದುಗರೊಬ್ಬರು ಇದೇ ಅಂಕಣದಲ್ಲಿ ಕೇಳಿದ್ದರು. ಕೇಳಬೇಕಾದ ಪ್ರಶ್ನೆಯೇ. ಆದರೆ ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು, ಸುಮ್ನೆ ಓದಿ ಪೇಪರ್ ಮಡಚಿಡಲು ಆಗಲಿಲ್ಲ.

1947ರ ನಂತರದ ವರ್ಷಗಳನ್ನು ನೆನೆಸಿಕೊಳ್ಳಿ. ದೇಶ ಒಡೆದಿತ್ತು, ನಿರಾಶ್ರಿತರು ಶಿಬಿರಗಳಲ್ಲಿದ್ದರು, ತಿನ್ನುವ ಧಾನ್ಯವನ್ನೂ ಹೊರಗಿನಿಂದ ತರಿಸಬೇಕಿತ್ತು. ಅಂಥ ಹೊತ್ತಿನಲ್ಲೇ ಸಂವಿಧಾನದ ಪ್ರತಿಯನ್ನು ಕೈಯಲ್ಲಿ ಬರೆಸಿದರು. ಅಕ್ಷರ ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಅವರದು, ಚಿತ್ರಗಳು ಶಾಂತಿನಿಕೇತನದ ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರದು. ಸಿಂಧೂ ಮುದ್ರೆಯ ಗೂಳಿಯಿಂದ ಹಿಡಿದು ದಂಡಿಗೆ ಹೊರಟ ಗಾಂಧಿಯವರೆಗೆ ಎಲ್ಲ ಇದೆ, ನಮ್ಮ ಟಿಪ್ಪು ಕೂಡ ಒಂದು ಪುಟದಲ್ಲಿದ್ದಾನೆ.

1954ರಲ್ಲಿ ದೆಹಲಿಯ ಜೈಪುರ ಹೌಸ್‌ನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಶುರುವಾಯಿತು, ಅದೇ ವರ್ಷ ಆಗಸ್ಟ್‌ನಲ್ಲಿ ಲಲಿತಕಲಾ ಅಕಾಡೆಮಿ. ಆಗ ಸರ್ಕಾರದ್ದಾಗಿದ್ದ ಏರ್ ಇಂಡಿಯಾ ಬಿ. ಪ್ರಭಾ, ಹುಸೇನ್ ಅವರಂಥವರು ಇನ್ನೂ ಹೆಸರು ಮಾಡುತ್ತಿದ್ದಾಗಲೇ ಅವರ ಚಿತ್ರ ಕೊಂಡಿತು. ಕೆಲವೊಮ್ಮೆ ದುಡ್ಡಿನ ಬದಲು ವಿಮಾನದ ಟಿಕೆಟ್ ಕೊಟ್ಟದ್ದೂ ಉಂಟು. (ಸ್ಪೇನಿನ ಹೆಸರಾಂತ ಕಲಾವಿದ ಸಾಲ್ವಡಾರ್ ಡಾಲಿಯಿಂದ ಆಶ್‌ಟ್ರೇ ಮಾಡಿಸಿ, ಸಂಭಾವನೆಗೆ ಬೆಂಗಳೂರಿನಿಂದ ಆನೆಮರಿ ಕಳಿಸಿದ್ದು ಬೇರೆಯೇ ಕಥೆ!)

ನನಗೆ ಜಾಸ್ತಿ ಇಷ್ಟವಾಗುವುದು ರಿಸರ್ವ್ ಬ್ಯಾಂಕಿನ ಸಂಗತಿ. ಸರ್ಕಾರಿ ಕಟ್ಟಡಗಳಲ್ಲಿ ನಮ್ಮ ಕಲಾವಿದರಿಗೆ ಕೆಲಸ ಸಿಗಬೇಕು ಎಂದು ನೆಹರೂ ಹೇಳಿದ್ದರು. ಅದರಂತೆ ದೆಹಲಿ ಕಚೇರಿಯ ಬಾಗಿಲಲ್ಲಿ ನಿಲ್ಲಿಸಲು ಸಂಪತ್ತು ಕಾಯುವ ಯಕ್ಷ, ಯಕ್ಷಿಯನ್ನು ಕೆತ್ತುವ ಕೆಲಸ ಶಿಲ್ಪಿ ರಾಮ್‌ಕಿಂಕರ್ ಬೈಜ್ ಕೈಗೆ ಬಂತು. ಆ ಮನುಷ್ಯನಿಗೆ ಅವಸರ ಎಂಬುದೇ ಇಲ್ಲ. ಬೇಕಾದ ಕಲ್ಲನ್ನು ಹುಡುಕಿಕೊಂಡು ಹಿಮಾಚಲದ ಕಾಂಗ್ರಾ ಕಡೆಯ ಬೈಜನಾಥದವರೆಗೆ ಹೋದರು. ಐವತ್ತರ ದಶಕದಲ್ಲಿ ಹಿಡಿದ ಕೆಲಸ ಮುಗಿದದ್ದು 1967ರ ಹೊತ್ತಿಗೆ. ಯಕ್ಷಿಯ ಮೈಮೇಲೆ ಬಟ್ಟೆ ಇಲ್ಲ ಎಂದು ಸಂಸತ್ತಿನಲ್ಲೂ ಪ್ರಶ್ನೆ ಎದ್ದಿತು. ಆದರೂ ಮೂರ್ತಿಗಳು ಅಲ್ಲೇ ನಿಂತಿವೆ. ಬಡ ದೇಶದ ಬ್ಯಾಂಕೊಂದು ಒಬ್ಬ ಶಿಲ್ಪಿಗಾಗಿ ಅಷ್ಟು ವರ್ಷ ಕಾದಿತ್ತು, ಇವತ್ತು ಯಾವ ಇಲಾಖೆ ಕಾಯುತ್ತದೆ ಹೇಳಿ?

ಎಲ್ಲವೂ ಚೆನ್ನಾಗಿತ್ತು ಎನ್ನುತ್ತಿಲ್ಲ. ಸಮಿತಿಗಳ ಕೈಗೆ ಹೋದದ್ದು ಬೇಗ ಕೆಟ್ಟಿತು. ಎಪ್ಪತ್ತರ ದಶಕದ ಶುರುವಿನಲ್ಲಿ ಕಲಾವಿದರೇ ಲಲಿತಕಲಾ ಅಕಾಡೆಮಿಯ ವಿರುದ್ಧ ಪ್ರತಿಭಟನೆ ಮಾಡಿದರು. ಅಕಾಡೆಮಿಗಳ ಕೆಲಸ ನೋಡಲು ನ್ಯಾಯಮೂರ್ತಿ ಖೋಸ್ಲಾ ಸಮಿತಿಯನ್ನೇ ಕೂರಿಸಬೇಕಾಯಿತು. ಅದಕ್ಕೇ ನಾನು ಹೇಳುವುದು, ಪ್ರಶಸ್ತಿ, ಶಾಲು, ಹಾರ ಕಡಿಮೆ ಮಾಡಿ, ಕೆಲಸ ಕೊಡಿ. ಸನ್ಮಾನದ ಮರುದಿನ ಕಲಾವಿದ ಬಣ್ಣದ ಅಂಗಡಿಗೆ ಶಾಲು ಹಿಡಿದುಕೊಂಡು ಹೋಗಲು ಆಗುವುದಿಲ್ಲ ಅಲ್ವಾ?

ನನ್ನ ಶಿಷ್ಯನೊಬ್ಬ ಸರ್ಕಾರಿ ಕಚೇರಿಯೊಂದರ ಗೋಡೆಗೆ ಎರಡು ತಿಂಗಳು ಕೂತು ಚಿತ್ರ ಬರೆದ. ಅವನ ಬಿಲ್ ಪಾಸಾಗುವ ಮೊದಲೇ ಯಾರೋ ಸಾಹೇಬರು ಬರುತ್ತಾರೆಂದು ಅದರ ಮೇಲೆ ಸುಣ್ಣ ಹೊಡೆದರು. ಟೆಂಡರ್‌ನಲ್ಲಿ ಅವನ ಕೆಲಸ 'ಪೇಂಟಿಂಗ್' ಎಂದೇ ಇತ್ತಂತೆ, ಹಾಗಾಗಿ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ.

ಹೊಸ ಕಚೇರಿ ಕಟ್ಟುವಾಗ ಒಂದು ಗೋಡೆಯನ್ನು ಮೊದಲೇ ನಕ್ಷೆಯಲ್ಲಿ ಬಿಟ್ಟಿಡಿ. ಕಲಾವಿದರಿಗೆ ಅರ್ಧ ದುಡ್ಡು ಮುಂಗಡ ಕೊಡಿ. ಮುಗಿದ ಮೇಲೆ ಅದನ್ನು ಕಚೇರಿಯ ಆಸ್ತಿ ಪಟ್ಟಿಗೆ ಸೇರಿಸಿ. ಕುರ್ಚಿ, ಫ್ಯಾನಿಗೆ ನಂಬರ್ ಹಾಕುವ ಹಾಗೆ ಇದಕ್ಕೂ ಒಂದು ನಂಬರ್ ಹಾಕಿದರೆ ಸುಣ್ಣದ ಬಕೆಟ್ ಹಿಡಿದು ಬಂದವನಾದರೂ ಒಮ್ಮೆ ಕೇಳಿಯಾನು.

— ನಿವೃತ್ತ ಡ್ರಾಯಿಂಗ್ ಮೇಷ್ಟ್ರು