ಹಾವು ಕಚ್ಚಿದ್ದು ಕಡತದಲ್ಲೂ ಇರಲಿ

ಮಾನ್ಯರೇ,

ಕಬ್ಬಿನ ಗದ್ದೆಗೆ ನೀರು ಕಟ್ಟಲು ಹೋಗಿದ್ದ ನಮ್ಮ ಚಿಕ್ಕಪ್ಪನಿಗೆ ಕಳೆದ ಮಳೆಗಾಲದಲ್ಲಿ ಕೊಳಕುಮಂಡಲ ಕಚ್ಚಿತು. ಆಸ್ಪತ್ರೆಯವರು ಪ್ರತಿವಿಷ ಕೊಟ್ಟು ಉಳಿಸಿಕೊಟ್ಟರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿಡುಗಡೆ ಚೀಟಿಯಲ್ಲಿ ಬರೆದಿದ್ದು ‘ಸೆಲ್ಯುಲೈಟಿಸ್’ (ಚರ್ಮದಡಿಯ ಸೋಂಕಿನ ಊತ) ಎಂದಷ್ಟೇ. ಕಾಲು ಊದಿತ್ತು, ನಿಜ. ಊದಿದ್ದು ಯಾಕೆ?

ಒಂದೊಂದು ಕಾಯಿಲೆಗೂ ಒಂದೊಂದು ಕೋಡ್ ಕೊಡುವ, ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿಯಲ್ಲಿ ಹಾವಿನ ವಿಷಕ್ಕೆ ಟಿ63.0 ಎಂಬ ಕೋಡ್ ಇದೆ. ವಿಷದ ಹಾವು ಕಚ್ಚಿತೆಂಬ ಹೊರಗಿನ ಕಾರಣ ಹೇಳಲು ಎಕ್ಸ್20, ವಿಷದಿಂದ ಕಿಡ್ನಿ ದಿಢೀರನೆ ಕೈಕೊಟ್ಟರೆ ಎನ್17 ಬೇರೆ. ಸೆಲ್ಯುಲೈಟಿಸ್‌ಗೆ ಇರುವುದು ಎಲ್03. ಅದೊಂದನ್ನೇ ನಮೂದಿಸಿದರೆ ಲೆಕ್ಕದಿಂದ ಹಾವೇ ಮಾಯ! ದಾಖಲೆ ವಿಭಾಗದಲ್ಲಿ ಕೋಡ್ ಹಾಕುವವರು ರೋಗಿಯನ್ನು ನೋಡಿರುವುದಿಲ್ಲ. ವೈದ್ಯರು ಬರೆದಿದ್ದೇ ಅವರಿಗೆ ಆಧಾರ, ಅದೂ ಅಕ್ಷರ ಓದಲು ಬಂದರೆ.

ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆ ಎಂದು ರಾಜ್ಯ ಸರ್ಕಾರ 2024ರಲ್ಲೇ ಘೋಷಿಸಿದೆ. ಯಾವ ತಾಲ್ಲೂಕಿಗೆ ಎಷ್ಟು ಪ್ರತಿವಿಷ ಬೇಕು ಎಂದು ಅಂದಾಜಿಸಲು ಈ ಅಂಕಿಗಳೇ ದಾರಿ. ಚಿಕಿತ್ಸೆಯ ಹಣವನ್ನು ಸರ್ಕಾರದಿಂದ ಪಡೆಯಲು ಆಸ್ಪತ್ರೆಯವರು ಬರೆಯುವ, ಆರೋಗ್ಯ ಕರ್ನಾಟಕ ಯೋಜನೆಯ ಪ್ಯಾಕೇಜ್ ಕೋಡ್ ಮಾತ್ರ ತಪ್ಪುವುದಿಲ್ಲ ನೋಡಿ, ಅಲ್ಲಿ ದುಡ್ಡಿದೆ!

ಚೀಟಿಯಲ್ಲಿ ಲಕ್ಷಣದ ಜೊತೆ ಮೂಲ ಕಾರಣವನ್ನೂ ಬರೆಯಬೇಕೆಂದು ಜಿಲ್ಲಾ ಆರೋಗ್ಯಾಧಿಕಾರಿಗಳು ಮಂಡ್ಯದ ಎಲ್ಲ ಆಸ್ಪತ್ರೆಗಳಿಗೆ ಸುತ್ತೋಲೆ ಹೊರಡಿಸಲಿ. ಅನುಮಾನ ಬಂದಾಗ ವೈದ್ಯರನ್ನು ಕೇಳಿ ತಿದ್ದಿಸಿಕೊಳ್ಳುವ ಅಧಿಕಾರ ಕೋಡ್ ಹಾಕುವ ಸಿಬ್ಬಂದಿಗೂ ಇರಲಿ.

– ಒಬ್ಬ ರೈತ, ಪಾಂಡವಪುರ ತಾಲ್ಲೂಕು, ಮಂಡ್ಯ