ಎನ್‌ಎಸ್‌ಕ್ಯೂಎಫ್ ವಿಷಯಗಳನ್ನೂ ಪದವಿ ಪ್ರವೇಶಕ್ಕೆ ಪರಿಗಣಿಸಿ: ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ಸವಿನಯ ವಂದನೆಗಳು.

ರಾಜ್ಯದ ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೇ ತರಗತಿಗೆ ಬರುವ ಮಕ್ಕಳು ತೃತೀಯ ಭಾಷೆಯ ಬದಲು ಆಟೋಮೊಬೈಲ್, ಮಾಹಿತಿ ತಂತ್ರಜ್ಞಾನ, ರಿಟೇಲ್‌ನಂತಹ ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ್ಯ ಅರ್ಹತಾ ಚೌಕಟ್ಟಿನಡಿ ಕಲಿಸುವ ವೃತ್ತಿಪರ) ವಿಷಯವನ್ನು ಆರಿಸಿಕೊಳ್ಳಬಹುದು. ಪಿಯುಸಿಯಲ್ಲೂ ಈ ವಿಷಯಗಳಿಗೆ ಪರೀಕ್ಷಾ ಮಂಡಳಿಯೇ ಪರೀಕ್ಷೆ ನಡೆಸುತ್ತದೆ. ಇಷ್ಟಾದರೂ, ಎಂಜಿನಿಯರಿಂಗ್ ಪ್ರವೇಶದ ಹೊಸ್ತಿಲಿಗೆ ಬಂದಾಗ ಆ ಕಲಿಕೆ ಲೆಕ್ಕಕ್ಕೆ ಬರುವುದಿಲ್ಲ.

ನಿವೃತ್ತಿಗೆ ಮುನ್ನ ನಾನು ಕಂಡ ಒಂದು ಪ್ರಾಯೋಗಿಕ ಪರೀಕ್ಷೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹತ್ತನೇ ತರಗತಿಯ ಹುಡುಗಿಯೊಬ್ಬಳು ಸ್ಪಾರ್ಕ್ ಪ್ಲಗ್ಗಿನ ಸಂದಿಗೆ ಅದರ ಅಗಲ ಅಳೆಯುವ ಫೀಲರ್ ಗೇಜಿನ ತೆಳು ಪಟ್ಟಿಯನ್ನು ತೂರಿಸಿ, "ಸಾರ್, ಗ್ಯಾಪ್ ಜಾಸ್ತಿ ಆದ್ರೆ ಕಿಡಿ ಹಾರೋದಕ್ಕೆ ಹೆಚ್ಚು ವೋಲ್ಟೇಜ್ ಬೇಕು" ಎಂದಳು. ವಿದ್ಯುತ್ ವಿಸರ್ಜನೆಯನ್ನು ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದವನು ನಾನು. ಅಷ್ಟು ಸಲೀಸಾದ ಉತ್ತರ ನನ್ನ ತರಗತಿಯಲ್ಲಿ ಸಿಕ್ಕಿದ್ದು ಕಡಿಮೆ.

ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) 2021-22ರ ಕೈಪಿಡಿಯಲ್ಲಿ ಎಂಜಿನಿಯರಿಂಗ್ ಅರ್ಹತೆಗೆ ಹೆಸರಿಸಿದ 14 ವಿಷಯಗಳಲ್ಲಿ ತಾಂತ್ರಿಕ ವೃತ್ತಿಪರ ವಿಷಯವೂ ಒಂದಾಗಿತ್ತು. ಅದಕ್ಕೂ ಹಿಂದೆ, ಭೌತವಿಜ್ಞಾನ ಮತ್ತು ಗಣಿತ ಕಡ್ಡಾಯವಾಗಿದ್ದ ಕಾಲದಲ್ಲೇ, ಮೂರನೇ ವಿಷಯದ ಆಯ್ಕೆಗಳಲ್ಲಿ ಅದಕ್ಕೆ ಜಾಗವಿತ್ತು. ಆದರೆ ನಮ್ಮ ಪರೀಕ್ಷಾ ಪ್ರಾಧಿಕಾರದ ಸಿಇಟಿ ನಿಯಮಗಳು ಮೂರನೇ ವಿಷಯವಾಗಿ ರಸಾಯನವಿಜ್ಞಾನ, ಜೀವವಿಜ್ಞಾನ, ಜೈವಿಕ ತಂತ್ರಜ್ಞಾನ, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ವಿಜ್ಞಾನಗಳನ್ನು ಒಪ್ಪುತ್ತ ಬಂದಿವೆಯೇ ಹೊರತು ಆಟೋಮೊಬೈಲನ್ನಲ್ಲ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಬಯಸುವವರಿಗೆ ಜೀವವಿಜ್ಞಾನ ನಡೆಯುತ್ತದೆ, ಎಂಜಿನ್ ಬಿಚ್ಚಿ ಜೋಡಿಸಿದ ಅನುಭವ ನಡೆಯುವುದಿಲ್ಲ ಎಂಬುದರ ತರ್ಕ ನನಗಂತೂ ಅರ್ಥವಾಗಿಲ್ಲ.

ಭೌತವಿಜ್ಞಾನ, ಗಣಿತಗಳಲ್ಲಿ ರಿಯಾಯಿತಿ ಕೊಡಿ ಎಂದು ನಾನು ಕೇಳುತ್ತಿಲ್ಲ. ಗಣಿತದಲ್ಲಿ ಹಿಂದುಳಿದವರು ಮೊದಲ ಸೆಮಿಸ್ಟರಿನಲ್ಲೇ ಕಷ್ಟಕ್ಕೆ ಸಿಲುಕುತ್ತಾರೆ. ಎಲ್ಲ ವೃತ್ತಿ ವಿಷಯಗಳೂ ಎಲ್ಲ ಪದವಿಗಳಿಗೂ ಹೊಂದುತ್ತವೆ ಎಂದೂ ಅಲ್ಲ. ರಿಟೇಲ್ ಓದಿದವರಿಗೆ ಅದರ ಫಲ ಬಿ.ಕಾಂ.ನಲ್ಲಿ ಸಿಗಬೇಕು, ಬಿ.ಇ.ಯಲ್ಲಲ್ಲ. ಯಾವುದು ಎಲ್ಲಿಗೆ ಸಲ್ಲುತ್ತದೆ ಎಂಬುದನ್ನು ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳು ಪಠ್ಯಕ್ರಮ ಮತ್ತು ಪ್ರಯೋಗಾಲಯಗಳನ್ನು ನೋಡಿ ತೀರ್ಮಾನಿಸಲಿ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು 30 ಗಂಟೆಗಳ ಕಲಿಕೆಗೆ ಒಂದು ಕ್ರೆಡಿಟ್ (ಕಲಿಕೆಯನ್ನು ಅಳೆಯುವ ಅಂಕಮಾನ) ಎಂದು ಲೆಕ್ಕ ಹಾಕುತ್ತದೆ, ಕಾರ್ಯಾಗಾರದ ಗಂಟೆಗಳನ್ನೂ ಎಣಿಸುತ್ತದೆ. ಅಳತೆಗೋಲು ಹೊಸದಾಗಿ ಹುಡುಕಬೇಕಾಗಿಲ್ಲ.

ಮುಂದಿನ ಸಿಇಟಿ ಮಾಹಿತಿ ಪುಸ್ತಿಕೆ ಪ್ರಕಟವಾಗುವ ಮುನ್ನ ಮೂರನೇ ವಿಷಯದ ಪಟ್ಟಿಗೆ ತಾಂತ್ರಿಕ ವೃತ್ತಿಪರ ವಿಷಯವನ್ನು ಸೇರಿಸಲು ಪ್ರಾಧಿಕಾರಕ್ಕೆ ಸೂಚಿಸಬೇಕೆಂದೂ, ಒಂಬತ್ತನೇ ತರಗತಿಯಲ್ಲಿ ವಿಷಯ ಆರಿಸುವ ದಿನವೇ ಯಾವ ವಿಷಯ ಯಾವ ಪದವಿಗೆ ಸಲ್ಲುತ್ತದೆ ಎಂಬ ಮಾಹಿತಿ ಪೋಷಕರಿಗೆ ಬರಹದಲ್ಲಿ ಸಿಗುವಂತೆ ಶಾಲಾ ಶಿಕ್ಷಣ ಇಲಾಖೆಯೊಡನೆ ಮಾತನಾಡಬೇಕೆಂದೂ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕ