ನೂರಿ ಬಗ್ಗೆ ನೀನು ಬರೆದದ್ದನ್ನು ಓದಿದೆ

ಪ್ರೀತಿಯ ತಂಗಿ,

ಅಬ್ದುಲ್ಲಾ ನೂರಿ ಬಗ್ಗೆ ನೀನು ಬರೆದ ಲೇಖನವನ್ನು ಎರಡು ಸಲ ಓದಿದೆ. ಇರಾನಿನ ಹಳೆಯ ಗೃಹ ಸಚಿವರೊಬ್ಬರ ಮೇಲೆ ನಿನಗೆ ಇಷ್ಟು ಆಸಕ್ತಿ ಹುಟ್ಟಿದ್ದು ನೋಡಿ ಖುಷಿಯಾಯಿತು. ಆದರೆ ಮೊದಲ ಪುಟದಲ್ಲೇ ಅವರನ್ನು ಧೀಮಂತ, ದಿಟ್ಟ, ಸುಧಾರಣಾವಾದಿ ಅಂತ ಕರೆದುಬಿಟ್ಟಿದ್ದೀಯ. ಮೊದಲ ಎರಡು ಮಾತು ತೆಗೆದುಬಿಡು. ಮೂರನೆಯದನ್ನು ಇಷ್ಟು ಬೇಗ ಖರ್ಚು ಮಾಡಬೇಡ.

ನೂರಿ ಹೊರಗಿನಿಂದ ಬಂದು ವ್ಯವಸ್ಥೆಯನ್ನು ಪ್ರಶ್ನಿಸಿದವರಲ್ಲ. ಅವರು ಮೌಲ್ವಿ. ಕ್ರಾಂತಿಯ ಕಾವಲಿಗೆಂದು ಕಟ್ಟಿದ ಸೇನೆಯಾದ ರೆವಲ್ಯೂಷನರಿ ಗಾರ್ಡ್ಸ್‌ನಲ್ಲಿ, ಆ ಕ್ರಾಂತಿಯ ನಾಯಕ ಖೊಮೇನಿಯ ಪ್ರತಿನಿಧಿಯಾಗಿದ್ದವರು. 1989ರಿಂದ 1993ರವರೆಗೆ ಅಧ್ಯಕ್ಷ ರಫ್ಸಂಜಾನಿಯ ಸರ್ಕಾರದಲ್ಲೂ ಗೃಹ ಸಚಿವರಾಗಿದ್ದರು. ಇದನ್ನೆಲ್ಲ ನೀನು ಒಂದೇ ಸಾಲಿನಲ್ಲಿ ದಾಟಿಸಿದ್ದೀಯ. ನಾಯಕನಿಗೆ ಕುಂದು ಬರುತ್ತದೆ ಅನ್ನುವ ಅಳುಕು ಅಲ್ವಾ? ನನಗನ್ನಿಸುವುದು ಬೇರೆ. ಮನೆಯ ಒಳಗೇ ಬೆಳೆದವನು ಆ ಮನೆಯ ಹಿರಿಯರ ಎದುರು ನಿಂತು ಮಾತಾಡುವುದು ಜಾಸ್ತಿ ಕಷ್ಟ. ಆ ಹಿಂದಿನ ಬದುಕು ಕಾಣದಿದ್ದರೆ ಮುಂದಿನ ಮಾತಿನ ಭಾರ ಓದುಗರಿಗೆ ತಟ್ಟುವುದಿಲ್ಲ.

ಇನ್ನೊಂದು ವಿಷಯ. ಗೃಹ ಸಚಿವರು ಅಂದ ತಕ್ಷಣ ನಮ್ಮ ಓದುಗರು ಪೊಲೀಸ್ ಇಲಾಖೆ ಅವರ ಕೈಯಲ್ಲಿದೆ ಅಂದುಕೊಳ್ಳುತ್ತಾರೆ. ಇರಾನಿನಲ್ಲಿ ಪೊಲೀಸ್ ಮುಖ್ಯಸ್ಥರನ್ನು ನೇಮಿಸುವುದು ಅಧ್ಯಕ್ಷರಿಗಿಂತಲೂ ಮೇಲಿರುವ ಸರ್ವೋಚ್ಚ ನಾಯಕರು. 1997ರಲ್ಲಿ ಸುಧಾರಣಾವಾದಿ ಖಾತಮಿ ಅಧ್ಯಕ್ಷರಾಗಿ ನೂರಿಯನ್ನು ಮತ್ತೆ ಗೃಹ ಸಚಿವರನ್ನಾಗಿ ಮಾಡಿದಾಗ, ವಿದ್ಯಾರ್ಥಿಗಳ ಸಭೆಗೆ ಅನುಮತಿ ಕೊಡುವುದು ಅವರ ಕೈಯಲ್ಲಿತ್ತು. ಪ್ರಾಂತ್ಯಗಳ ಗವರ್ನರ್‌ಗಳನ್ನು ಬದಲಿಸುವ ಕೆಲಸವೂ ಅವರದೇ. ಆದರೆ ಆ ಸಭೆಗೆ ಯಾರಾದರೂ ನುಗ್ಗಿ ಹೊಡೆದರೆ ಲಾಠಿ ಯಾವ ಕಡೆ ತಿರುಗಬೇಕು ಅನ್ನುವ ಕೊನೆಯ ಮಾತು ಅವರದಾಗಿರಲಿಲ್ಲ. ಇದನ್ನು ವಿವರಿಸಲು ಎರಡು ಪ್ಯಾರಾ ಬೇಕಾದರೂ ತೆಗೆದುಕೋ. ಇದು ಗೊತ್ತಾಗದೆ ಉಳಿದ ಕಥೆ ಅರ್ಥವಾಗುವುದಿಲ್ಲ.

ಹುಟ್ಟು, ಊರು, ಓದು ಅಂತ ಶುರು ಮಾಡಬೇಡ. 1998ರ ಜೂನ್ 21ರಿಂದ ಶುರು ಮಾಡು. ಅವತ್ತು ಮಜ್ಲಿಸ್, ಅಂದರೆ ಇರಾನಿನ ಸಂಸತ್ತು, ನೂರಿಯನ್ನು ಸಚಿವ ಸ್ಥಾನದಿಂದ ಕಿತ್ತುಹಾಕಿತು. ಕಿತ್ತುಹಾಕುವುದರ ಪರವಾಗಿ 137 ಮತ, ವಿರುದ್ಧ 117. ಅದೇ ದಿನ ಖಾತಮಿ ನೂರಿಯನ್ನು ಉಪಾಧ್ಯಕ್ಷರಲ್ಲಿ ಒಬ್ಬರನ್ನಾಗಿ ನೇಮಿಸಿದರು. ಆ ಹುದ್ದೆಗೆ ಮಜ್ಲಿಸ್‌ನ ಒಪ್ಪಿಗೆ ಬೇಕಿರಲಿಲ್ಲ. ಸುಧಾರಣೆ ಬಯಸಿದ ಅಧ್ಯಕ್ಷರಿಗೂ ಅದನ್ನು ಒಪ್ಪದ ಮಜ್ಲಿಸ್‌ಗೂ ನಡುವೆ ಆ ಕಾಲದ ಇರಾನಿನಲ್ಲಿದ್ದ ಜಗ್ಗಾಟವೆಲ್ಲ ಈ ಒಂದೇ ದಿನದಲ್ಲಿದೆ. ಸೆಪ್ಟೆಂಬರಿನಲ್ಲಿ ಟೆಹರಾನಿನ ಶುಕ್ರವಾರದ ನಮಾಜಿನ ಬಳಿಕ ಅವರ ಮೇಲೆ ಹಲ್ಲೆಯಾಯಿತು. ಸಂಸ್ಕೃತಿ ಸಚಿವ ಮೊಹಾಜೆರಾನಿ ಕೂಡ ಅವತ್ತು ಪೆಟ್ಟು ತಿಂದರು. ಮುಂದಿನ ವರ್ಷ ಫೆಬ್ರವರಿಯಲ್ಲಿ, ಇಸ್ಲಾಮಿಕ್ ಗಣರಾಜ್ಯದ ಮೊತ್ತಮೊದಲ ಸ್ಥಳೀಯ ಸಂಸ್ಥೆ ಚುನಾವಣೆಯಲ್ಲಿ, ಟೆಹರಾನಿನಲ್ಲಿ ಎಲ್ಲರಿಗಿಂತ ಹೆಚ್ಚು ಮತ ಬಂದದ್ದು ನೂರಿಗೆ. ಹೊಡೆತ ತಿಂದವರು, ಕುರ್ಚಿ ಕಳೆದುಕೊಂಡವರು, ಜನರ ಹತ್ತಿರ ಹೋದಾಗ ಏನಾಯಿತು ನೋಡು. ಇಲ್ಲಿ ನಿನ್ನ ಕಡೆಯಿಂದ ಒಂದು ವಿಶೇಷಣವೂ ಬೇಡ.

ಆಮೇಲೆ ಬರುವ ಭಾಗವನ್ನು ನಿನ್ನಂಥವಳು ಬೇರೆ ಯಾರಿಗಿಂತಲೂ ಚೆನ್ನಾಗಿ ಬರೆಯಬೇಕು. ನೂರಿ ‘ಖೊರ್ದಾದ್’ ಅನ್ನುವ ಪತ್ರಿಕೆ ನಡೆಸುತ್ತಿದ್ದರು. ಇರಾನಿ ಪಂಚಾಂಗದಲ್ಲಿ ಖಾತಮಿ ಗೆದ್ದ ತಿಂಗಳ ಹೆಸರು ಅದು. ಮೌಲ್ವಿಗಳ ವಿಶೇಷ ನ್ಯಾಯಾಲಯ 1999ರಲ್ಲಿ ಅವರ ಮೇಲೆ ಹೊರಿಸಿದ ಆರೋಪಗಳು ಆ ಪತ್ರಿಕೆಯ ಪುಟಗಳಿಂದಲೇ ಬಂದವು. ಸರ್ವೋಚ್ಚ ನಾಯಕರನ್ನು ಟೀಕಿಸಿ ಗೃಹಬಂಧನದಲ್ಲಿದ್ದ ಹಿರಿಯ ಧರ್ಮಗುರು ಆಯತೊಲ್ಲಾ ಮೊಂತಜೆರಿಯ ಮಾತುಗಳನ್ನು ಅಚ್ಚು ಹಾಕಿದ್ದು ಒಂದು, ಅಮೆರಿಕದ ಜೊತೆ ಸಂಬಂಧದ ಪರ ಬರೆದದ್ದು ಇನ್ನೊಂದು. ಕಟಕಟೆಯಲ್ಲಿ ನಿಂತ ನೂರಿ ಕ್ಷಮೆ ಕೇಳಲಿಲ್ಲ. ಈ ನ್ಯಾಯಾಲಯಕ್ಕೆ ಸಂವಿಧಾನದಲ್ಲಿ ಜಾಗವೇ ಇಲ್ಲ ಅಂತ ವಾದಿಸಿದರು. ಐದು ವರ್ಷ ಜೈಲು ಶಿಕ್ಷೆಯಾಯಿತು. ಪತ್ರಿಕೆ ಮುಚ್ಚಿತು. ಅವರ ವಾದ ಪುಸ್ತಕವಾಗಿ ಬಂದು, ಜನ ಮುಗಿಬಿದ್ದು ಕೊಂಡರು. ಸಚಿವರಾಗಿ ಹೊರಡಿಸಿದ ಆದೇಶಗಳಿಗಿಂತ ಆರೋಪಿಯಾಗಿ ಆಡಿದ ಮಾತು ಹೆಚ್ಚು ಮನೆಗಳನ್ನು ತಲುಪಿತೇನೋ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಕೊನೆಯಲ್ಲಿ ‘2002ರಲ್ಲಿ ಬಿಡುಗಡೆಯಾಯಿತು’ ಅಂತ ಬರೆದು ಮುಗಿಸಿದ್ದೀಯ. ಯಾಕೆ ಬಿಟ್ಟರು ಅನ್ನುವುದನ್ನು ಬರೆ. ಜೈಲಿನಲ್ಲಿದ್ದ ನೂರಿ 2000ದ ಮಜ್ಲಿಸ್ ಚುನಾವಣೆಗೆ ನಿಲ್ಲುವಂತಿರಲಿಲ್ಲ. ಅವರ ತಮ್ಮ ಅಲಿರೆಜಾ ನಿಂತು ಟೆಹರಾನಿನಿಂದ ಗೆದ್ದರು. 2002ರಲ್ಲಿ ಆ ತಮ್ಮ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆ ಸಾವಿನ ನಂತರವೇ ಅಣ್ಣನಿಗೆ ಕ್ಷಮಾದಾನ ಸಿಕ್ಕಿ, ಟೆಹರಾನಿನ ಎವಿನ್ ಜೈಲಿನ ಬಾಗಿಲು ತೆರೆಯಿತು. ಅಲ್ಲಿ ನಿಧಾನ ಮಾಡು ತಂಗಿ.

ತಿದ್ದಿ ಕಳಿಸು. ಬಂದ ದಿನವೇ ಓದುತ್ತೇನೆ.

ನಿನ್ನ ಅಣ್ಣ